ಎಮಲ್ಷನ್‌ಗೆ ಎಷ್ಟು ಹೊತ್ತು ಬೆಳಕು ಕೊಡಬೇಕು?

ಪ್ರಶ್ನೆ: ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡಲು ಹೊಸದಾಗಿ ಶುರು ಮಾಡಿದ್ದೇನೆ. ಡಯಾಜೊ ಎಮಲ್ಷನ್ (ಡಯಾಜೊ ಎಂಬ ರಾಸಾಯನಿಕ ಬೆರೆಸಿದ, ಸ್ಕ್ರೀನಿಗೆ ಬಳಿದು ಬೆಳಕು ಕೊಟ್ಟರೆ ಗಟ್ಟಿಯಾಗುವ ಲೇಪ), 30 ವ್ಯಾಟ್‌ನ ಯುವಿ ಎಲ್‌ಇಡಿ ದೀಪ, ಲೇಸರ್ ಪ್ರಿಂಟರ್‌ನಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ತೆಗೆದ ಪಾಸಿಟಿವ್ (ಚಿತ್ರ ಕಪ್ಪಾಗಿರುವ, ಉಳಿದೆಡೆ ಬೆಳಕು ಬಿಡುವ ಹಾಳೆ) ಬಳಸುತ್ತೇನೆ. 8 ನಿಮಿಷ ಸಾಕು ಎಂದು ಎಮಲ್ಷನ್ ಕೊಟ್ಟವರು ಹೇಳಿದ್ದರು. ಅಷ್ಟೇ ಕೊಟ್ಟರೆ ತೊಳೆಯುವಾಗ ಅಕ್ಷರಗಳ ಅಂಚು ಕಿತ್ತು ಬರುತ್ತದೆ. 12 ನಿಮಿಷ ಕೊಟ್ಟರೆ ಸಣ್ಣ ಅಕ್ಷರಗಳು ತೆರೆದುಕೊಳ್ಳುವುದೇ ಇಲ್ಲ. 10 ನಿಮಿಷಕ್ಕೆ ತೆರೆದಂತೆ ಕಾಣುತ್ತದೆ, ಆದರೆ ಮುದ್ರಿಸುವಾಗ ಅಲ್ಲಲ್ಲಿ ಇಂಕು ಇಳಿಯುವುದಿಲ್ಲ. ಸರಿಯಾದ ಸಮಯ ಯಾವುದು?

ಉತ್ತರ: ನಿಮಗೆ 8 ನಿಮಿಷ ಎಂದವರು ಸುಳ್ಳು ಹೇಳಿಲ್ಲ, ಆದರೆ ಅದು ಅವರ ದೀಪದ, ಅವರ ಮೆಶ್‌ನ (ಸ್ಕ್ರೀನಿನ ಜಾಲರಿ ಬಟ್ಟೆಯ), ಅವರ ಕೋಟಿಂಗ್‌ನ (ಬಳಿದ ಎಮಲ್ಷನ್ ಪದರದ) ಸಮಯ. ಎಮಲ್ಷನ್ ಡಬ್ಬಿಯ ಮೇಲೆ ಅಚ್ಚು ಹಾಕಬಹುದಾದ ಒಂದೇ ಸಮಯ ಎಂಬುದು ಇಲ್ಲ. ದೀಪದ ವ್ಯಾಟ್ ನೋಡಿ ಲೆಕ್ಕ ಹಾಕುವುದೂ ವ್ಯರ್ಥ. ಎಮಲ್ಷನ್‌ಗೆ ಬೇಕಾದದ್ದು ಸುಮಾರು 350ರಿಂದ 420 ನ್ಯಾನೋಮೀಟರ್ ನಡುವಿನ ಬೆಳಕು. ಅದೇ 30 ವ್ಯಾಟ್‌ನ ಮಾಮೂಲು ಬಿಳಿ ಎಲ್‌ಇಡಿಯಲ್ಲಿ ಆ ಬೆಳಕು ಇಲ್ಲವೆನ್ನುವಷ್ಟು ಕಡಿಮೆ.

ಈಗ ನಿಮ್ಮ 10 ನಿಮಿಷದ ಸ್ಕ್ರೀನಿಗೆ ಬರೋಣ, ಏಕೆಂದರೆ ಹೆಚ್ಚಿನವರು ದಾರಿ ತಪ್ಪುವುದು ಅಲ್ಲೇ. ಇಂಕು ಇಳಿಯದಿದ್ದರೆ ಬೆಳಕು ಹೆಚ್ಚಾಗಿರಬೇಕು ಎಂದುಕೊಂಡು ಸಮಯವನ್ನು ಇನ್ನೂ ಇಳಿಸುತ್ತಾರೆ. ಬಹಳ ಸಲ ನಿಜ ಇದಕ್ಕೆ ತದ್ವಿರುದ್ಧ. ಪಾಸಿಟಿವ್ ಇರುವುದು ಸ್ಕ್ರೀನಿನ ಮುದ್ರಣದ ಬದಿಯಲ್ಲಿ, ಅಂದರೆ ಬಟ್ಟೆಗೆ ತಾಗುವ ಬದಿಯಲ್ಲಿ. ಬೆಳಕು ಬೀಳುವುದೂ ಅತ್ತಲಿಂದಲೇ. ಎಮಲ್ಷನ್ ಗಟ್ಟಿಯಾಗುವುದು ಆ ಬದಿಯಿಂದ ಒಳಮುಖವಾಗಿ. ಸ್ಕ್ವೀಜಿ, ಅಂದರೆ ಇಂಕು ಎಳೆಯುವ ರಬ್ಬರ್ ಪಟ್ಟಿ, ಓಡುವ ಬದಿ ಕೊನೆಯಲ್ಲಿ ಗಟ್ಟಿಯಾಗುತ್ತದೆ. ಸಮಯ ಸಾಲದಿದ್ದರೆ ಹೊರಬದಿ ಚೆನ್ನಾಗಿ ಕಂಡರೂ ಒಳಬದಿ ಅರೆಬೆಂದೇ ಉಳಿಯುತ್ತದೆ. ತೊಳೆಯುವಾಗ ಆ ಅರೆಬೆಂದ ಎಮಲ್ಷನ್ ಕರಗಿ, ತೆರೆದ ಅಕ್ಷರಗಳೊಳಕ್ಕೆ ಹರಿದು, ಒಣಗಿದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಕೂರುತ್ತದೆ. ದೀಪಕ್ಕೆ ಹಿಡಿದರೆ ಎಲ್ಲವೂ ತೆರೆದಂತೆಯೇ ಕಾಣುತ್ತದೆ, ಇಂಕು ಮಾತ್ರ ಇಳಿಯುವುದಿಲ್ಲ. ನಿಮ್ಮ 10 ನಿಮಿಷದ ಲಕ್ಷಣ ಅಕ್ಷರಶಃ ಇದೇ. ಇದು ಕಡಿಮೆ ಬೆಳಕಿನ ದೋಷ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಸ್ಕ್ರೀನ್ ತೊಳೆಯುತ್ತಿರುವಾಗಲೇ ಸ್ಕ್ವೀಜಿ ಬದಿಯನ್ನು ಬೆರಳಿನಿಂದ ಸವರಿ. ಲೋಳೆ ಲೋಳೆಯಾಗಿ ಜಾರಿದರೆ, ಬಿಳಿ ಬಟ್ಟೆಯಿಂದ ಒತ್ತಿದಾಗ ಎಮಲ್ಷನ್‌ನ ಬಣ್ಣ ಹತ್ತಿದರೆ, ಸಮಯ ಸಾಲದು ಎಂದೇ ಅರ್ಥ. ಮುದ್ರಣದ ಬದಿಯನ್ನು ಎಷ್ಟು ಹೊತ್ತು ನೋಡಿದರೂ ಈ ಸಂಗತಿ ತಿಳಿಯುವುದಿಲ್ಲ.

ಹಾಗಾದರೆ 12 ನಿಮಿಷಕ್ಕೆ ಸಣ್ಣ ಅಕ್ಷರಗಳು ಮುಚ್ಚಿಹೋದದ್ದು ಏಕೆ? ನನ್ನ ಅನುಮಾನ ನಿಮ್ಮ ಟ್ರೇಸಿಂಗ್ ಪೇಪರ್ ಮೇಲೆ. ಲೇಸರ್ ಪ್ರಿಂಟರ್‌ನ ಟೋನರ್ ಕಣ್ಣಿಗೆ ಕಪ್ಪಾಗಿ ಕಂಡರೂ ಯುವಿ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಹೊತ್ತು ಹೆಚ್ಚಿದಂತೆ ಕಪ್ಪಿನ ಮೂಲಕವೂ ಬೆಳಕು ಸೋರಿ, ತೊಳೆದು ಹೋಗಬೇಕಾದ ಜಾಗವೂ ಗಟ್ಟಿಯಾಗುತ್ತದೆ. ಪರೀಕ್ಷೆ ಹೀಗೆ: ಪಾಸಿಟಿವ್‌ನ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಎಕ್ಸ್‌ಪೋಸ್ ಮಾಡಿ, ಅಂದರೆ ಬೆಳಕು ಕೊಡಿ. ನಾಣ್ಯದ ಜಾಗ ಸಲೀಸಾಗಿ ತೊಳೆದುಹೋಗಿ, ಪಕ್ಕದ ಕಪ್ಪು ಭಾಗ ಹಟ ಹಿಡಿದು ಕೂತರೆ ತಪ್ಪು ಪಾಸಿಟಿವ್‌ನದು, ಸಮಯದ್ದಲ್ಲ. ಎರಡು ಪ್ರತಿಗಳನ್ನು ಕರಾರುವಾಕ್ಕಾಗಿ ಒಂದರ ಮೇಲೊಂದು ಹೊಂದಿಸಿ ಅಂಟಿಸುವುದು ತಾತ್ಕಾಲಿಕ ಉಪಾಯ. ಆದರೆ ಪ್ರಿಂಟರ್‌ನ ಬಿಸಿಗೆ ಟ್ರೇಸಿಂಗ್ ಪೇಪರ್ ಸ್ವಲ್ಪ ಕುಗ್ಗುವುದರಿಂದ ಎರಡೂ ಪ್ರತಿ ಸರಿಯಾಗಿ ಕೂರುವ ಭರವಸೆ ಇಲ್ಲ. ಇಂಕ್‌ಜೆಟ್ ಫಿಲ್ಮ್‌ಗೆ ಬದಲಾಯಿಸುವುದೇ ಲೇಸು.

ಇನ್ನು ಸಮಯ ಕಂಡುಹಿಡಿಯುವ ಕೆಲಸ. ಒಂದೇ ಸ್ಕ್ರೀನಿನಲ್ಲಿ, ಒಂದೇ ಸಲ ಮುಗಿಸಬಹುದು. ದಿನವೂ ಬಳಸುವ ಅದೇ ಮೆಶ್, ಅದೇ ಕೋಟಿಂಗ್ ಇರಲಿ. ಸಣ್ಣ ಅಕ್ಷರ, ಕೂದಲೆಳೆಯ ಗೆರೆ, ಒಂದಿಷ್ಟು ಚುಕ್ಕೆಗಳಿರುವ ಚಿಕ್ಕ ವಿನ್ಯಾಸವನ್ನು ಸಾಲಾಗಿ ಐದು ಸಲ ಇಡಿ. ಬೆಳಕು ತೂರದ ರಟ್ಟೊಂದು ಬೇಕು. ಮೊದಲು ಐದಕ್ಕೂ 4 ನಿಮಿಷ ಕೊಡಿ. ನಂತರ ಮೊದಲನೆಯದನ್ನು ರಟ್ಟಿನಿಂದ ಮುಚ್ಚಿ ಉಳಿದವಕ್ಕೆ 1 ನಿಮಿಷ 40 ಸೆಕೆಂಡು, ಎರಡನೆಯದನ್ನೂ ಮುಚ್ಚಿ 2 ನಿಮಿಷ 20 ಸೆಕೆಂಡು, ಮೂರನೆಯದನ್ನೂ ಮುಚ್ಚಿ 3 ನಿಮಿಷ 20 ಸೆಕೆಂಡು, ಕೊನೆಯದಕ್ಕೆ ಮಾತ್ರ 4 ನಿಮಿಷ 40 ಸೆಕೆಂಡು. ಒಟ್ಟಿನಲ್ಲಿ ಐದು ಪಟ್ಟಿಗಳಿಗೆ ಕ್ರಮವಾಗಿ 4 ನಿಮಿಷ, 5 ನಿಮಿಷ 40 ಸೆಕೆಂಡು, 8 ನಿಮಿಷ, 11 ನಿಮಿಷ 20 ಸೆಕೆಂಡು ಮತ್ತು 16 ನಿಮಿಷ ಸಿಕ್ಕಿರುತ್ತದೆ. ಒಂದೊಂದೇ ನಿಮಿಷ ಏರಿಸಿದರಾಗದೇ ಎಂದು ಕೇಳುವವರಿದ್ದಾರೆ. 2 ನಿಮಿಷಕ್ಕೂ 3 ನಿಮಿಷಕ್ಕೂ ಒಂದೂವರೆ ಪಟ್ಟು ಅಂತರ. 15ಕ್ಕೂ 16ಕ್ಕೂ ಅಂತರವೇ ಇಲ್ಲವೆನ್ನಬೇಕು. ಎಮಲ್ಷನ್‌ಗೆ ತಿಳಿಯುವುದು ಪಟ್ಟಿನ ಲೆಕ್ಕ.

ತೊಳೆಯುವ ಮೊದಲು ಮಬ್ಬು ಹಳದಿ ದೀಪದಲ್ಲಿ ಸ್ಕ್ರೀನನ್ನು ನೋಡಿ. ಬೆಳಕು ಬಿದ್ದಂತೆಲ್ಲ ಡಯಾಜೊದ ಹಳದಿ ಮಾಸುತ್ತದೆ. ಹಾಗಾಗಿ ಪಟ್ಟಿಗಳ ನಡುವೆ ಗಡಿ ಕಾಣುತ್ತದೆ. ಎಲ್ಲಿಂದ ಮುಂದೆ ಗಡಿ ಕಾಣುವುದಿಲ್ಲವೋ ಅಲ್ಲಿಗೆ ಡಯಾಜೊದ ಕೆಲಸ ಮುಗಿದಿದೆ. ಆಮೇಲೆ ಎರಡೂ ಬದಿ ಒದ್ದೆ ಮಾಡಿ ಒಂದೆರಡು ನಿಮಿಷ ನೆನೆಯಲು ಬಿಟ್ಟು, ಎಲ್ಲ ಪಟ್ಟಿಗಳನ್ನೂ ಒಂದೇ ಒತ್ತಡದ ನೀರಿನಲ್ಲಿ ತೊಳೆಯಿರಿ. ಕೈಗೆ ಸಿಕ್ಕ ಪಟ್ಟಿಗೆ ಜೋರಾಗಿ, ಇನ್ನೊಂದಕ್ಕೆ ಮೆಲ್ಲಗೆ ಎಂದರೆ ಪರೀಕ್ಷೆಯೇ ಕೆಟ್ಟಿತು. ಸ್ಕ್ವೀಜಿ ಬದಿಯಲ್ಲಿ ಲೋಳೆಯಿಲ್ಲದ ಮೊದಲ ಪಟ್ಟಿಯೇ ನಿಮ್ಮ ಸಮಯ. ಎಲ್ಲ ಪಟ್ಟಿಗಳಲ್ಲೂ ಲೋಳೆ ಬಂದರೆ 16 ನಿಮಿಷದಿಂದ ಮೇಲಕ್ಕೆ ಮತ್ತೊಂದು ಪರೀಕ್ಷೆ ಮಾಡಿ.

ಆರಿಸುವಾಗ ಗಡಸುತನಕ್ಕೆ ಮೊದಲ ಮಣೆ, ಸಣ್ಣ ಗೆರೆಗೆ ಎರಡನೆಯದು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಗಟ್ಟಿಯಾದ ಪಟ್ಟಿಯಲ್ಲಿ ಸಣ್ಣ ಗೆರೆ ಮುಚ್ಚಿದ್ದರೆ ಸಮಯ ಇಳಿಸಬೇಡಿ, ಬೆಳಕು ಎಲ್ಲಿ ನುಸುಳುತ್ತಿದೆ ಎಂದು ಹುಡುಕಿ. ಪಾಸಿಟಿವ್‌ನ ಟೋನರ್ ಅಥವಾ ಇಂಕಿನ ಮುಖ ಎಮಲ್ಷನ್‌ಗೆ ತಾಗಿರದೆ ಮೇಲ್ಮುಖವಾಗಿದ್ದರೆ ಫಿಲ್ಮಿನ ದಪ್ಪದಷ್ಟು ಸಂದು ಉಳಿದು ಅಲ್ಲಿಂದ ಬೆಳಕು ಒಳಗೆ ಬಾಗುತ್ತದೆ. ಮೇಲಿನ ಗಾಜು ಹಗುರವಾಗಿದ್ದರೂ ಹಾಗೆಯೇ. ಸ್ಕ್ರೀನಿನ ಒಳಗೆ ಸ್ಪಂಜಿನ ಹಾಳೆ ಮತ್ತು ಕಪ್ಪು ಬಟ್ಟೆ ತುಂಬಿ ಗಾಜಿಗೆ ಬಿಗಿಯಾಗಿ ಒತ್ತಿಸಬೇಕು. ಕಪ್ಪು ಬಟ್ಟೆ ಹಿಂದಿನಿಂದ ಬೆಳಕು ಪ್ರತಿಫಲಿಸದಂತೆಯೂ ತಡೆಯುತ್ತದೆ. ಬಿಳಿ ಮೆಶ್‌ನ ನೂಲು ಬೆಳಕನ್ನು ತನ್ನೊಳಗೆ ಚದುರಿಸಿ ಅಂಚು ತಿನ್ನುತ್ತದೆ. ಸಣ್ಣ ಕೆಲಸಕ್ಕೆ ಹಳದಿ ಮೆಶ್ ಬಳಸುವುದು ಈ ಕಾರಣಕ್ಕೆ.

ದೀಪದ ದೂರವನ್ನು ಒಮ್ಮೆ ಅಳೆದು ಗುರುತು ಹಾಕಿ. ಒಂದೇ ದೀಪವಾದರೆ ದೂರ ಹೆಚ್ಚಿದಂತೆ ಬೆಳಕು ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: 50 ಸೆಂಟಿಮೀಟರ್‌ನಿಂದ 75ಕ್ಕೆ ಎತ್ತಿದರೆ ಸಮಯ 2.25 ಪಟ್ಟಾಗುತ್ತದೆ. ತೀರಾ ಹತ್ತಿರ ತಂದರೆ ನಡುವೆ ಬೆಂದು ಮೂಲೆಗಳು ಹಸಿಯಾಗಿ ಉಳಿಯುತ್ತವೆ. ಚಿತ್ರದ ಒಂದು ಮೂಲೆಯಿಂದ ಎದುರು ಮೂಲೆಗೆ ಎಷ್ಟು ಉದ್ದವೋ ಕನಿಷ್ಠ ಅಷ್ಟು ದೂರ ಇರಲಿ. ದೀಪ ಉರಿಯುವಾಗ ಅದನ್ನು ನೇರವಾಗಿ ನೋಡಬೇಡಿ.

ಪ್ರಶ್ನೆ: ನಮ್ಮಲ್ಲಿ ಒಂದೇ ಸಮಯ ಬಹುಕಾಲ ಸರಿಯಾಗಿ ನಡೆಯುತ್ತಿತ್ತು. ಮಳೆ ಹಿಡಿದ ಮೇಲೆ ಪ್ರತಿ ಸ್ಕ್ರೀನಿನಲ್ಲೂ ಸೂಜಿರಂಧ್ರಗಳು, ಅಂಚು ಕೀಳುವುದು. ಸಮಯ ಹೆಚ್ಚಿಸಿದರೂ ಪ್ರಯೋಜನವಿಲ್ಲ.

ಉತ್ತರ: ಸಮಯ ಹೆಚ್ಚಿಸಿಯೂ ಬದಲಾಗದಿದ್ದರೆ ಅದು ತೇವ. ಎಮಲ್ಷನ್ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ನೀರಿನಂಶವಿರಬಹುದು. ಆ ನೀರು ಎಮಲ್ಷನ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಕಾಣುವ ಲಕ್ಷಣವೆಲ್ಲ ಬೆಳಕು ಸಾಲದ ಲಕ್ಷಣವೇ, ಔಷಧ ಮಾತ್ರ ಬೇರೆ. ಬರಿಯ ಫ್ಯಾನ್ ಗಾಳಿ ತೇವದ ಗಾಳಿಯನ್ನೇ ಸುತ್ತಿಸುತ್ತದೆ. ಒಣಗಿಸುವ ಕೋಣೆಯ ಆರ್ದ್ರತೆಯನ್ನು ಶೇ 50ಕ್ಕಿಂತ ಕೆಳಗೆ ತನ್ನಿ, ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟದಿರಲಿ, ಮುದ್ರಣದ ಬದಿ ಕೆಳಮುಖವಾಗಿರಲಿ, ತೊಳೆದ ಸ್ಕ್ರೀನುಗಳನ್ನು ಅದೇ ಕೋಣೆಯಲ್ಲಿ ಇಡಬೇಡಿ.

ಇಷ್ಟಾದರೂ ಸರಿಹೋಗದಿದ್ದರೆ ಈ ನಡುವೆ ಏನಾದರೂ ಬದಲಾಗಿದೆಯೇ ನೋಡಿ. ಬಿಳಿ ಮೆಶ್‌ನಿಂದ ಹಳದಿಗೆ ಹೋದರೆ ಸಮಯ ಒಂದೂವರೆಯಿಂದ ಎರಡು ಪಟ್ಟು ಬೇಕು. ಸೆಂಟಿಮೀಟರ್‌ಗೆ 120 ಎಳೆಯ ಮೆಶ್ ಬಿಟ್ಟು 43 ಎಳೆಯ ಒರಟು ಮೆಶ್ ಹಿಡಿದರೆ ಎಮಲ್ಷನ್ ದಪ್ಪವಾಗಿ ಕೂರುತ್ತದೆ, ಅದಕ್ಕೂ ಹೆಚ್ಚು ಬೆಳಕು ಬೇಕು. ಕೋಟಿಂಗ್ ಮಾಡುವ ಕೈ ಬದಲಾದರೂ ದಪ್ಪ ಬದಲಾಗುತ್ತದೆ. ಹಳೆಯ ಟ್ಯೂಬ್‌ಗಳು ಕಣ್ಣಿಗೆ ಅಷ್ಟೇ ಪ್ರಕಾಶವಾಗಿ ಕಂಡರೂ ಅವುಗಳ ಯುವಿ ಇಳಿದಿರುತ್ತದೆ.

ಪ್ರಶ್ನೆ: ದೀಪ ಕೊಳ್ಳುವ ಬದಲು ಬಿಸಿಲಿನಲ್ಲಿ ಮಾಡಬಹುದೇ?

ಉತ್ತರ: ಧಾರಾಳವಾಗಿ. ಆದರೆ ನಿನ್ನೆಯ ಸಮಯ ಇಂದಿಗಲ್ಲ, ಬೆಳಗಿನದು ಮಧ್ಯಾಹ್ನಕ್ಕಲ್ಲ. ಬಿಸಿಲಿನ ಯುವಿ ಬಲವಾಗಿರುವುದರಿಂದ ಲೆಕ್ಕ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯಬಹುದು. ಅದೇ ದಿನ, ಅದೇ ಹೊತ್ತಿನಲ್ಲಿ ಸಣ್ಣ ಪರೀಕ್ಷೆ ಮಾಡಿ ಕೂಡಲೇ ಕೆಲಸ ಮುಗಿಸಿ. ನಿಧಾನವಾಗಿ ಗಟ್ಟಿಯಾಗುವ ಡಯಾಜೊ ಎಮಲ್ಷನ್ ಇದಕ್ಕೆ ಒಳ್ಳೆಯದು. ಬೆರೆಸದೆ ನೇರವಾಗಿ ಬಳಸುವ ಫೋಟೊಪಾಲಿಮರ್ ಎಮಲ್ಷನ್‌ಗಳು ಬಹಳ ಚುರುಕು, ನೀವು ಬಟ್ಟೆ ಸರಿಸುವಷ್ಟರಲ್ಲಿ ಕೈ ಮೀರಬಹುದು. ಕಪ್ಪು ಬಟ್ಟೆ ಮುಚ್ಚಿಕೊಂಡೇ ಹೊರಗೆ ತಂದು, ಗಾಜಿನ ಮೇಲೆ ಲಂಬವಾಗಿ ನಿಲ್ಲಿಸಿದ ಕಡ್ಡಿಯ ನೆರಳು ಇಲ್ಲವಾಗುವಂತೆ ಸ್ಕ್ರೀನನ್ನು ಸೂರ್ಯನತ್ತ ಓರೆ ಮಾಡಿ, ಆಮೇಲೆ ಬಟ್ಟೆ ತೆಗೆಯಿರಿ.

ಪ್ರಶ್ನೆ: ಬೆಳಕು ಸಾಲದ ಸ್ಕ್ರೀನನ್ನು ತೊಳೆದ ಮೇಲೆ ಮತ್ತೆ ಬಿಸಿಲಿಗೆ ಇಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಉಳಿದ ಎಮಲ್ಷನ್ ಸ್ವಲ್ಪ ಗಟ್ಟಿಯಾಗುತ್ತದೆ, ತೊಳೆದು ಹೋದದ್ದಕ್ಕೆ ಪರಿಹಾರವಿಲ್ಲ. ಇನ್ನೊಂದು ಅಪಾಯವೂ ಇದೆ. ಅಕ್ಷರಗಳೊಳಗೆ ಹರಿದು ನಿಂತ ತೆಳು ಪೊರೆಯೂ ಆ ಬಿಸಿಲಿನಲ್ಲೇ ಗಟ್ಟಿಯಾಗಿ ಬೀಗ ಹಾಕಿಕೊಳ್ಳುತ್ತದೆ. ಆದ್ದರಿಂದ ತೊಳೆದ ತಕ್ಷಣ ಎರಡೂ ಬದಿಯನ್ನು ನೀರು ಹೀರುವ ಬಟ್ಟೆಯಿಂದ ಒತ್ತಿ ತೆಗೆದು, ಪೂರ್ತಿ ಒಣಗಿಸಿ, ಆಮೇಲಷ್ಟೇ ಸ್ಕ್ವೀಜಿ ಬದಿಗೆ ಬಿಸಿಲು ತೋರಿಸಿ. ನಾಲ್ಕಾರು ಪ್ರತಿಗಳ ಕೆಲಸವಾದರೆ ಹೀಗೆ ದಾಟಿಸಬಹುದು. ನೀರು ಬೆರೆತ ಇಂಕಿನಲ್ಲಿ ನೂರಾರು ಪ್ರತಿ ತೆಗೆಯಬೇಕಿದ್ದರೆ ಆ ಸ್ಕ್ರೀನನ್ನು ಅಳಿಸಿ ಹೊಸದಾಗಿ ಕೋಟ್ ಮಾಡಿ.

ಪ್ರಶ್ನೆ: 21 ಮೆಟ್ಟಿಲಿನ ಬೂದು ಪಟ್ಟಿಯೊಂದು ನನ್ನಲ್ಲಿದೆ. ಅದನ್ನು ಓದುವುದು ಹೇಗೆ?

ಉತ್ತರ: ಪಾಸಿಟಿವ್ ಜೊತೆಗೇ ಅಂಟಿಸಿ ಎಕ್ಸ್‌ಪೋಸ್ ಮಾಡಿ, ತೊಳೆದ ಮೇಲೆ ಗಟ್ಟಿಯಾಗಿ ಉಳಿದ ಕೊನೆಯ ಮೆಟ್ಟಿಲಿನ ಸಂಖ್ಯೆ ನೋಡಿ. ಸಾಮಾನ್ಯವಾಗಿ 7ನೆಯದು ಗುರಿ. ಪ್ರತಿ ಎರಡು ಮೆಟ್ಟಿಲಿಗೆ ಬೆಳಕು ಅರ್ಧವಾಗುವಂತೆ ಪಟ್ಟಿಯನ್ನು ಮಾಡಿರುತ್ತಾರೆ. 5ಕ್ಕೆ ನಿಂತರೆ ಸಮಯ ಎರಡು ಪಟ್ಟು ಮಾಡಿ, 6ಕ್ಕೆ ನಿಂತರೆ 1.4 ಪಟ್ಟು, 9ಕ್ಕೆ ಹೋದರೆ ಅರ್ಧಕ್ಕೆ ಇಳಿಸಿ. ಸರಿಹೊಂದಿದ ಮೇಲೂ ಪಟ್ಟಿಯನ್ನು ಎತ್ತಿಡಬೇಡಿ. ಪ್ರತಿ ಸ್ಕ್ರೀನಿನ ಮೂಲೆಯಲ್ಲಿ ಅದು ಇದ್ದರೆ ದೀಪ ಸೊರಗುತ್ತಿರುವುದು ಅಂಚು ಕೀಳುವ ಮೊದಲೇ ತಿಳಿಯುತ್ತದೆ.