ಕೊಡಗಿನಲ್ಲಿ ಈಗೀಗ ಬಿಟ್ಟು ಸಾಕಿದ ಕೋಳಿ ವಿಷಯಕ್ಕೆ ಅಕ್ಕಪಕ್ಕದವರ ಜಗಳ ಯಾಕೆ ಜಾಸ್ತಿ?

ಕೋಳಿ ಬದಲಾಗಿಲ್ಲ, ಮನೆಗಳು ಹತ್ತಿರ ಬಂದಿವೆ, ಅಷ್ಟೇ.

ಮೊದಲು ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಕಾಫಿ ತೋಟ ಇರುತ್ತಿತ್ತು. ಕೋಳಿ ಗೂಡು ಬಿಟ್ಟು ತುಂಬಾ ದೂರ ಹೋಗುವ ಪ್ರಾಣಿ ಅಲ್ಲ, ಹಾಗಾಗಿ ಅದರ ಓಡಾಟವೆಲ್ಲ ನಮ್ಮ ತೋಟದಲ್ಲೇ ಮುಗಿಯುತ್ತಿತ್ತು. ಈಗ ಅದೇ ತೋಟ ಸೈಟುಗಳಾಗಿದೆ, ಪಕ್ಕದಲ್ಲಿ ಹೋಂಸ್ಟೇ ಬಂದಿದೆ. ಅಷ್ಟೇ ದೂರ ನಡೆದರೂ ಕೋಳಿ ಇವತ್ತು ಬೇರೆಯವರ ಅಂಗಳದಲ್ಲಿ ಇರುತ್ತದೆ.

ಅಲ್ಲಿ ಅದು ಸುಮ್ನೆ ನಿಲ್ಲುವುದೂ ಇಲ್ಲ. ಹುಳ ಹುಡುಕಲು ನೆಲ ಕೆದಕುವುದು ಅದರ ಹುಟ್ಟುಗುಣ, ಹೊಟ್ಟೆ ತುಂಬಿದ್ದರೂ ಕೆದಕುತ್ತದೆ. ಹೊಸದಾಗಿ ಗೊಬ್ಬರ ಹಾಕಿ ನೀರು ಬಿಟ್ಟ ಹೂವಿನ ಪಾತಿಯಷ್ಟು ಮೆತ್ತಗಿನ, ಹುಳ ತುಂಬಿದ ಮಣ್ಣು ಅದಕ್ಕೆ ಬೇರೆಲ್ಲಿ ಸಿಗಬೇಕು? ಆಂಥೂರಿಯಂ ಬೇರು ಮೇಲೆ, ಎಲೆ ಕೆಳಗೆ. ಕಾಳುಮೆಣಸು ಒಣಗಲು ಹಾಕಿದ ಕಣವೂ ಅದಕ್ಕೆ ಒಂದೇ, ಎರಡು ಸಲ ಕೆದಕಿದರೆ ಕಾಳೆಲ್ಲ ಚೆಲ್ಲಾಪಿಲ್ಲಿ. ಹುಂಜದ ಕತೆ ಬೇರೆ. ಅದು ಬೆಳಕು ನೋಡಿ ಮಾತ್ರ ಕೂಗುವುದಲ್ಲ, ಒಳಗೇ ಒಂದು ಗಡಿಯಾರ ಇದೆ, ಅದಕ್ಕೇ ಕತ್ತಲಿರುವಾಗಲೇ ಶುರು. ನಿದ್ದೆ ಮಾಡಲೆಂದೇ ದುಡ್ಡು ಕೊಟ್ಟು ಬಂದ ಅತಿಥಿಗೆ ಇದನ್ನು ವಿವರಿಸಿ ನೋಡಿ!

ನಾನು ಮಾಡುವುದು ಇಷ್ಟು: ಬೆಳಿಗ್ಗೆ ಬಲೆ ಕಟ್ಟಿದ ಜಾಗದಲ್ಲೇ ಇಟ್ಟು, ಸಂಜೆ 4 ಗಂಟೆ ಮೇಲೆ ಬಿಡುತ್ತೇನೆ. ಕತ್ತಲಾಗುತ್ತಲೇ ಅವೇ ಗೂಡಿಗೆ ಬರುವುದರಿಂದ ದೂರ ಹೋಗಲು ಹೊತ್ತಿರುವುದಿಲ್ಲ, ಮೊಟ್ಟೆ ಹೆಚ್ಚಾಗಿ ಮಧ್ಯಾಹ್ನದೊಳಗೇ ಇಡುವುದರಿಂದ ಅವೂ ಗೂಡಲ್ಲೇ ಸಿಗುತ್ತವೆ, ಪಕ್ಕದ ಮನೆಯವರ ಬೇಲಿ ಬುಡದಲ್ಲಿ ಹುಡುಕಬೇಕಾಗಿಲ್ಲ.