ಇಂಟರ್ವ್ಯೂ ಸೂಟು: ಶಿವಮೊಗ್ಗದಲ್ಲಿ ಹೊಲಿಸಲಾ, ಲೀಡ್ಸ್‌ನಲ್ಲಿ ಕೊಳ್ಳಲಾ?

ತಮ್ಮಾ, ನಿನ್ನ ಪತ್ರ ಓದಿದೆ. ಸೆಪ್ಟೆಂಬರಿಗೆ ಅಕೌಂಟಿಂಗ್ ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಬರುತ್ತೀಯ. ಬಂದ ಮೇಲೆ ಬ್ಯಾಂಕು, ಆಡಿಟ್ ಕಂಪನಿಗಳ ಇಂಟರ್ವ್ಯೂಗೆ ಹೋಗಬೇಕು. ಅಕ್ಕನ ಮದುವೆಯ ರಿಸೆಪ್ಷನ್ನಿಗೆ ಹೊಲಿಸಿದ ಸೂಟಿದೆ, ಅದೇ ಸಾಕಾ? ಅಪ್ಪ ಗಾಂಧಿ ಬಜಾರಿನಲ್ಲಿ ಬಟ್ಟೆ ತೆಗೆದು ಹೊಸದು ಹೊಲಿಸೋಣ ಅಂತಿದ್ದಾರೆ, ಹೊಲಿಸಲಾ? ಶೂ ಎಂಥದ್ದು, ಸಾಕ್ಸ್ ಯಾವ ಬಣ್ಣದ್ದು? ಇಷ್ಟು ನೀನು ಕೇಳಿದ್ದು. ತೀರ್ಥಹಳ್ಳಿ ಕಡೆಯವರು, ಲೀಡ್ಸ್‌ನಲ್ಲಿ ಹಳಬರು ಅಂತ ನನ್ನನ್ನು ಕೇಳಿದೆಯಲ್ಲ, ಸಂತೋಷವಾಯಿತು. ನಾನೀಗ ಇಂಟರ್ವ್ಯೂ ಮಾಡುವವರ ಸಾಲಿನಲ್ಲಿ ಕೂರುತ್ತೇನೆ. ಮೇಜಿನ ಈ ಕಡೆ ಕೂತವರಿಗೆ ಏನು ಕಾಣುತ್ತದೆ ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಸೂಟು ಅಲ್ಲಿ ಹೊಲಿಸಬೇಡ, ಇಲ್ಲಿ ಬಂದು ಕೊಳ್ಳು. ಶೂ ಕೂಡ ಇಲ್ಲೇ ತಗೋ. ಶರ್ಟು ಮಾತ್ರ ಅಲ್ಲೇ ಹೊಲಿಸಿಕೊಂಡು ಬಾ. ದೊಡ್ಡ ಹೆಸರಿನ ಬ್ರ್ಯಾಂಡಿಗೆ ಅಪ್ಪನ ದುಡ್ಡು ಸುರಿಯಬೇಡ. ಆ ದುಡ್ಡು ಸೂಟನ್ನು ನಿನ್ನ ಮೈಗೆ ಸರಿಮಾಡಿಸುವುದಕ್ಕೆ ಮತ್ತು ಒಳ್ಳೆಯ ಶೂಗೆ ಹೋಗಲಿ.

ಸೂಟು ಬೇಕೇಬೇಕಾ ಅಂತಲೂ ಒಂದು ಪ್ರಶ್ನೆಯಿದೆ. ಕೋವಿಡ್ ಬಂದುಹೋದ ಮೇಲೆ ಇಲ್ಲಿ ಉಡುಪು ತುಂಬಾ ಸಡಿಲವಾಗಿದೆ. ‘ಕಿವಿ’ ಅನ್ನುವ ಹೆಸರಿನ ಶೂ ಪಾಲಿಶ್ ಗೊತ್ತಲ್ವಾ, ಅದನ್ನು ಬ್ರಿಟನ್ನಿನಲ್ಲಿ ಮಾರುವುದನ್ನೇ ಕಂಪನಿ ನಿಲ್ಲಿಸಿತು. ಪಾಲಿಶ್ ಹಾಕುವಂಥ ಶೂ ತೊಡುವವರೇ ಕಡಿಮೆಯಾದರು. ಸಾಫ್ಟ್‌ವೇರ್ ಕಂಪನಿಗೆ ಸೂಟು ಹಾಕಿಕೊಂಡು ಹೋದರೆ ನೀನೊಬ್ಬನೇ ಬೇರೆ ಕಾಣುತ್ತೀಯ. ಆದರೆ ಬ್ಯಾಂಕು, ಆಡಿಟ್, ವಕೀಲಿಕೆ, ಈ ಮೂರು ಕಡೆ ಇಂಟರ್ವ್ಯೂ ದಿನ ಸೂಟು ಹಾಕಿದವನಿಗೆ ಇವತ್ತಿಗೂ ತೊಂದರೆಯಿಲ್ಲ. ಅನುಮಾನ ಇದ್ದರೆ ಇಂಟರ್ವ್ಯೂಗೆ ಕರೆದವರಿಗೇ ಒಂದು ಸಾಲು ಮೇಲ್ ಹಾಕಿ ಕೇಳಿಬಿಡು. ನಮ್ಮ ಕಡೆ ಇಂಥದ್ದನ್ನೆಲ್ಲ ಕೇಳಲು ಸಂಕೋಚ. ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮೊದಲ ಸುತ್ತು ಜಾಸ್ತಿ ವಿಡಿಯೋದಲ್ಲೇ ನಡೆಯುತ್ತದೆ. ಅದಕ್ಕೆ ತೆಳು ಗೆರೆಯ, ಸಣ್ಣ ಚೌಕಳಿಯ ಶರ್ಟು ಬೇಡ. ಕ್ಯಾಮೆರಾದಲ್ಲಿ ಆ ಗೆರೆಗಳು ಅಲೆಯಾಡಿದ ಹಾಗೆ ಕಂಡು ನೋಡುವವರ ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ.

ರಿಸೆಪ್ಷನ್ ಸೂಟನ್ನು ಮನೆಯಲ್ಲೇ ಬಿಟ್ಟು ಬಾ. ಅದು ಫೋಟೋದವರ ಲೈಟಿಗೆ ಹೊಳೆಯಲಿ ಅಂತ ಹೊಲಿಸಿದ್ದು. ಛತ್ರದಲ್ಲಿ ಚಂದ ಕಂಡ ಆ ಹೊಳಪು ಆಫೀಸಿನ ಬೆಳಕಿನಲ್ಲಿ ಬೇರೆಯೇ ಕಾಣುತ್ತದೆ. ಬಣ್ಣ ಕಡುನೀಲಿ ಅಥವಾ ಇದ್ದಿಲ ಬಣ್ಣದ ಬೂದಿ ಇರಲಿ. ಒಂದೇ ಸೂಟು ಅಂದರೆ ನಾನು ಕಡುನೀಲಿ ಅನ್ನುತ್ತೇನೆ. ನಮ್ಮ ಮೈಬಣ್ಣಕ್ಕೆ ಒಪ್ಪುತ್ತದೆ, ಕಪ್ಪು ಶೂಗೂ ಕಡುಕಂದು ಶೂಗೂ ಹೊಂದುತ್ತದೆ. ಅಚ್ಚ ಕಪ್ಪು ಸೂಟನ್ನು ಇಲ್ಲಿನ ಹಳೆಯ ತಲೆಮಾರಿನವರು ಶವಸಂಸ್ಕಾರಕ್ಕೆ, ಇಲ್ಲವೇ ರಾತ್ರಿಯ ಸಮಾರಂಭಗಳಿಗೆ ಇಟ್ಟುಕೊಳ್ಳುತ್ತಾರೆ. ಕಪ್ಪು ಹಾಕಿದ್ದಕ್ಕೆ ಯಾರೂ ಕೆಲಸ ತಪ್ಪಿಸುವುದಿಲ್ಲ. ಆದರೂ ಹೊಸದಾಗಿ ದುಡ್ಡು ಕೊಡುವವನು ಕಪ್ಪು ಯಾಕೆ ಕೊಳ್ಳಬೇಕು?

ಬಟ್ಟೆ ಉಣ್ಣೆಯದಾಗಿರಲಿ. ಇಲ್ಲಿ ಹೊರಗೆ ಚಳಿ, ಒಳಗೆ ಹೀಟರ್. ಪಾಲಿಯೆಸ್ಟರ್ ಸೂಟಿನಲ್ಲಿ ಹತ್ತು ನಿಮಿಷ ಕೂತರೆ ಬೆನ್ನು ಬೆವರುತ್ತದೆ. ಇಸ್ತ್ರಿ ಬಿದ್ದಲ್ಲೆಲ್ಲ ಹೊಳೆಯಲೂ ಶುರುವಾಗುತ್ತದೆ. ಉಣ್ಣೆ ಉಸಿರಾಡುತ್ತದೆ, ರಾತ್ರಿ ನೇತುಹಾಕಿದರೆ ಬೆಳಗ್ಗೆ ಸುಕ್ಕು ತಾನೇ ಇಳಿದಿರುತ್ತದೆ. ಲೇಬಲ್ ಮೇಲೆ ಸೂಪರ್ 100, 110, 120 ಅಂತೆಲ್ಲ ಬರೆದಿರುತ್ತಾರೆ. ಅದು ಉಣ್ಣೆ ಎಳೆ ಎಷ್ಟು ಸಣ್ಣ ಅನ್ನುವ ಲೆಕ್ಕ. ಸಂಖ್ಯೆ ಏರಿದಷ್ಟೂ ಬಟ್ಟೆ ನಯ, ಅಷ್ಟೇ ಬೇಗ ಸವೆಯುತ್ತದೆ. ಇರುವುದೊಂದೇ ಸೂಟಾದರೆ 100ರಿಂದ 120ರ ಒಳಗಿನದು ತಗೋ. ಅಂಗಡಿಯವರು 150 ತೋರಿಸಿದರೆ ಬೇಡ ಅನ್ನು.

ಇನ್ನು ಅಳತೆ. ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ. ನಮ್ಮೂರ ಹುಡುಗರು ಇಂಟರ್ವ್ಯೂಗೆ ಬಂದಾಗ ನನಗೆ ಮೊದಲು ಕಾಣುವುದು ಭುಜ. ಬಹಳ ಜನ ಒಂದು ಸೈಜ್ ದೊಡ್ಡ ಕೋಟು ಹಾಕಿರುತ್ತಾರೆ. ಸ್ವಲ್ಪ ದೊಡ್ಡದಿರಲಿ, ಮುಂದೆ ದಪ್ಪಗಾದರೂ ಆಗುತ್ತದೆ ಅಂತ ಮನೆಯವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಹುಡುಗ ಕೋಟಿನೊಳಗೆ ಮುಳುಗಿದ ಹಾಗೆ ಕಾಣುತ್ತಾನೆ. ಮಾತಾಡುವಾಗ ಕೈ ಎತ್ತಿದರೆ ಕೋಟು ಪೂರ್ತಿ ಮೇಲೇಳುತ್ತದೆ, ಅದನ್ನು ಎಳೆದುಕೊಳ್ಳುವುದರಲ್ಲೇ ಅವನ ಗಮನ ಹೋಗುತ್ತದೆ. ಉತ್ತರ ಅರ್ಧಕ್ಕೆ ನಿಲ್ಲುತ್ತದೆ. ಓದಿ ತಯಾರಾಗಿ ಬಂದ ಹುಡುಗ ಹೀಗೆ ತಡವರಿಸುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕೋಟಿನ ಭುಜದ ಹೊಲಿಗೆ ನಿನ್ನ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಅಂಗಡಿಯ ಗೋಡೆಗೆ ಪಕ್ಕವಾಗಿ ನಿಂತು ನಿಧಾನವಾಗಿ ವಾಲು. ತೋಳಿಗಿಂತ ಮೊದಲು ಕೋಟಿನ ಪ್ಯಾಡು ಗೋಡೆಗೆ ತಾಗಿದರೆ ಆ ಕೋಟು ದೊಡ್ಡದು. ಹಿಂದೆ ಕುತ್ತಿಗೆ ಹತ್ತಿರ ಕೋಟಿನ ಕಾಲರು ಶರ್ಟಿನ ಕಾಲರಿಗೆ ಅಂಟಿಕೊಂಡಿರಬೇಕು, ನಡುವೆ ಸಂದಿ ಬಿಡಬಾರದು. ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಅಡ್ಡಡ್ಡ ಗೆರೆ ಬಂದರೆ ಬಿಗಿ ಅಂತ ಅರ್ಥ. ಕೈ ಇಳಿಬಿಟ್ಟಾಗ ಶರ್ಟಿನ ಕಫ್ ಸುಮಾರು 1 ಸೆಂಟಿಮೀಟರ್ ಹೊರಗೆ ಕಾಣಲಿ. ಪ್ಯಾಂಟು ಶೂ ಮೇಲೆ ಸುಮ್ನೆ ಕೂತ ಹಾಗಿರಬೇಕು. ಹಿಮ್ಮಡಿ ಹತ್ತಿರ ಮಡಿಕೆ ಮಡಿಕೆಯಾಗಿ ಬೀಳಬಾರದು.

ಸೈಜು ಇಲ್ಲಿ ಎದೆಯ ಅಳತೆಯ ಮೇಲೆ, ಇಂಚಿನಲ್ಲಿ: 36, 38, 40. ಪಕ್ಕದಲ್ಲಿ ಎಸ್, ಆರ್, ಎಲ್ ಇದ್ದರೆ ಅದು ಎತ್ತರಕ್ಕೆ: ಗಿಡ್ಡ, ಸಾಮಾನ್ಯ, ಉದ್ದ. ಯುರೋಪಿನ ಸೈಜು ನಮೂದಿಸಿದ್ದರೆ ಹತ್ತು ಕಳೆ, ಅಂದರೆ ಅವರ 48 ಇಲ್ಲಿಯ 38. ಸೆಟ್ಟಾಗಿ ಕೊಂಡರೆ ಸಾಮಾನ್ಯವಾಗಿ ಎದೆಗಿಂತ ಆರು ಇಂಚು ಕಡಿಮೆ ಸೊಂಟದ ಪ್ಯಾಂಟು ಕೊಡುತ್ತಾರೆ. ನಿನ್ನಂಥ ಸಣಕಲು ಮೈಯವನಿಗೆ ಅದು ಸಡಿಲವಾಗಬಹುದು. ಕೋಟು, ಪ್ಯಾಂಟು ಬೇರೆ ಬೇರೆಯಾಗಿ ಮಾರುವ ಅಂಗಡಿ ಹುಡುಕು. ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನಲ್ಲಿ ಹಾಗೆ ಸಿಗುತ್ತದೆ.

ಕೊಂಡ ಮೇಲೆ ಟೈಲರ್ ಹತ್ತಿರ ಹೋಗು. ಇಲ್ಲಿ ಬಹಳಷ್ಟು ಡ್ರೈಕ್ಲೀನಿಂಗ್ ಅಂಗಡಿಯವರು ಆಲ್ಟರೇಷನ್ನನ್ನೂ ಮಾಡಿಕೊಡುತ್ತಾರೆ. ಪ್ಯಾಂಟಿನ ಉದ್ದ, ಸೊಂಟ, ಕೋಟಿನ ತೋಳು, ಪಕ್ಕದ ಹೊಲಿಗೆ, ಇಷ್ಟು ಸರಿಮಾಡಬಹುದು. ಭುಜ ಮತ್ತು ಕೋಟಿನ ಉದ್ದ ತಪ್ಪಿದರೆ ಸರಿಮಾಡುವುದು ಕಷ್ಟ, ದುಬಾರಿ ಕೂಡ. ಹಾಗಾಗಿ ಭುಜ ಸರಿಯಿರುವ ಕೋಟನ್ನೇ ಆರಿಸು, ಉಳಿದದ್ದು ಟೈಲರಿಗೆ ಬಿಡು. ಶಿವಮೊಗ್ಗದಲ್ಲಿ ಹೊಲಿಸಬೇಡ ಅಂದೆನಲ್ಲ, ಅದಕ್ಕೂ ಇದೇ ಕಾರಣ. ನಮ್ಮ ಟೈಲರುಗಳ ಕೈಗೆ ನಾನು ಯಾವ ದೋಷವನ್ನೂ ಹೇಳುತ್ತಿಲ್ಲ. ಹೊಸ ಊರಿನ ಊಟ, ಚಳಿ, ಓಡಾಟದಲ್ಲಿ ನಿನ್ನ ಮೈ ಒಂದು ಸೈಜು ಆಚೀಚೆ ಆಗುತ್ತದೆ. ಜೂನಿನಲ್ಲಿ ತೆಗೆದ ಅಳತೆ ನವೆಂಬರಿನ ಇಂಟರ್ವ್ಯೂಗೆ ಕೂಡಿ ಬರಲಿಕ್ಕಿಲ್ಲ. ಹೊಲಿದವರು ಅಷ್ಟು ದೂರ ಇದ್ದರೆ ಯಾರ ಹತ್ತಿರ ಸರಿಮಾಡಿಸುತ್ತೀಯ?

ಮೊದಲ ಸಲ ಹಾಕುವ ಮುಂಚೆ ಕೋಟಿನ ಹಿಂದಿನ ಸೀಳಿಗೆ ಅಡ್ಡ ಹೊಲಿದ ದಾರ ಬಿಚ್ಚು, ತೋಳಿನ ಮೇಲೆ ಬ್ರ್ಯಾಂಡ್ ಪಟ್ಟಿ ಇದ್ದರೆ ತೆಗೆ. ಅವು ಅಂಗಡಿಯಲ್ಲಿ ಇರುವಷ್ಟು ದಿನಕ್ಕೆ ಮಾತ್ರ. ಎರಡು ಗುಂಡಿಯ ಕೋಟಿನಲ್ಲಿ ಮೇಲಿನದನ್ನು ಮಾತ್ರ ಹಾಕಿಕೋ, ಕೆಳಗಿನದು ಯಾವಾಗಲೂ ಬಿಟ್ಟಿರಲಿ. ಕೂರುವಾಗ ಎರಡನ್ನೂ ಬಿಚ್ಚು.

ಒಂದು ಮಾತು ಯಾರೂ ಹೇಳಿಕೊಡುವುದಿಲ್ಲ, ನಾನು ಹೇಳುತ್ತೇನೆ. ಉಣ್ಣೆ ವಾಸನೆ ಹಿಡಿಯುತ್ತದೆ. ಚಳಿಗಾಲದಲ್ಲಿ ಇಲ್ಲಿನ ಮನೆಗಳಲ್ಲಿ ಕಿಟಕಿ ತೆಗೆಯುವುದಿಲ್ಲ. ಒಗ್ಗರಣೆಯ ಬೆಳ್ಳುಳ್ಳಿ, ಕರಿದ ಎಣ್ಣೆಯ ವಾಸನೆ ಕೋಟಿಗೆ ಹತ್ತಿ ವಾರಗಟ್ಟಲೆ ಇರುತ್ತದೆ. ನಮಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮ ಅಡುಗೆಯ ಬಗ್ಗೆ ನಾಚಿಕೆ ಪಡಬೇಕಾದ್ದೇನೂ ಇಲ್ಲ, ಚೆನ್ನಾಗಿ ಮಾಡಿಕೊಂಡು ಉಣ್ಣು. ಆದರೆ ಸೂಟನ್ನು ಜಿಪ್ ಇರುವ ಕವರಿನಲ್ಲಿ ಹಾಕಿ ಅಡುಗೆಮನೆಯಿಂದ ದೂರ ಇಡು, ಸ್ನಾನವಾದ ಮೇಲೆ, ಹೊರಡುವ ಹೊತ್ತಿಗೆ ಹೊರಗೆ ತೆಗೆ. ಅಮ್ಮ ನುಸಿಗುಳಿಗೆ ಕಟ್ಟಿಕೊಡಬಹುದು, ಬೇಡ ಅನ್ನು. ಆ ಘಾಟು ಇನ್ನೂ ಕೆಟ್ಟದ್ದು, ನ್ಯಾಫ್ತಲೀನ್ ಗುಳಿಗೆಯನ್ನು ಯುರೋಪಿಯನ್ ಒಕ್ಕೂಟ 2008ರಲ್ಲೇ ನಿಷೇಧಿಸಿದೆ. ಉಣ್ಣೆ ತಿನ್ನುವ ಹುಳುವಿಗೆ ಇಲ್ಲಿ ದೇವದಾರು ಮರದ ತುಂಡು ಸಿಗುತ್ತದೆ, ಅದನ್ನು ನೇತುಹಾಕು. ಪ್ರತಿ ಸಲ ಡ್ರೈಕ್ಲೀನಿಂಗ್ ಕೂಡ ಬೇಡ. ಬ್ರಷ್ ಹೊಡೆದು ಗಾಳಿಗೆ ಹಾಕಿದರೆ ಸಾಕು.

ಶೂಗೆ ಬರೋಣ. ಕಪ್ಪು, ಲೇಸ್ ಇರುವ, ಬರಿ ಚರ್ಮದ ಶೂ. ಲೇಸ್ ಕಟ್ಟುವ ಎರಡು ಪಟ್ಟಿ ಕೆಳಗೆ ಸೇರಿಕೊಂಡೇ ಇದ್ದರೆ ಅದು ಆಕ್ಸ್‌ಫರ್ಡ್, ಬಿಡಿಯಾಗಿ ಎರಡು ಕಡೆ ತೆರೆದುಕೊಂಡರೆ ಡರ್ಬಿ. ಪುಸ್ತಕದ ಪ್ರಕಾರ ಇಂಟರ್ವ್ಯೂಗೆ ಆಕ್ಸ್‌ಫರ್ಡ್. ಆದರೆ ನಮ್ಮಂಥವರಿಗೆ ನಾನು ಡರ್ಬಿಯನ್ನೇ ಹೇಳುವುದು. ಚಿಕ್ಕಂದಿನಲ್ಲಿ ತೋಟ, ಗದ್ದೆ ಅಂತ ಬರಿಗಾಲಿನಲ್ಲಿ, ಆಮೇಲೆ ಹವಾಯಿ ಚಪ್ಪಲಿಯಲ್ಲಿ ಓಡಾಡಿದ ಪಾದ ಮುಂದೆ ಅಗಲವಾಗಿರುತ್ತದೆ. ಆಕ್ಸ್‌ಫರ್ಡ್ ಅಂಥ ಪಾದವನ್ನು ಹಿಂಡುತ್ತದೆ. ಡರ್ಬಿಯಲ್ಲಿ ಲೇಸ್ ಸಡಿಲ ಬಿಟ್ಟು ಜಾಗ ಮಾಡಿಕೊಳ್ಳಬಹುದು. ಡರ್ಬಿ ನೋಡಿ ಮೂಗು ಮುರಿಯುವವರನ್ನು ನಾನಂತೂ ಕಂಡಿಲ್ಲ.

ಇಲ್ಲಿ ಕೊಳ್ಳು ಅಂದದ್ದೂ ಈ ಅಗಲದ ಕಾರಣಕ್ಕೇ. ಒಳ್ಳೆಯ ಶೂ ನಮ್ಮ ದೇಶದಲ್ಲೂ ತಯಾರಾಗುತ್ತದೆ. ಆಂಬೂರು, ಆಗ್ರಾ ಕಡೆಯಿಂದಲೇ ಯುರೋಪಿಗೆ ಎಷ್ಟೋ ಶೂ ಬರುತ್ತದೆ. ಆದರೆ ಇಲ್ಲಿನ ಅಂಗಡಿಗಳಲ್ಲಿ ಒಂದೇ ಉದ್ದಕ್ಕೆ ಬೇರೆ ಬೇರೆ ಅಗಲ ಸಿಗುತ್ತದೆ. ಕೆಲವು ಕಂಪನಿಗಳಲ್ಲಿ ಎಫ್ ಸಾಮಾನ್ಯ, ಜಿ ಅಗಲ. ಇನ್ನು ಕೆಲವದರಲ್ಲಿ ಜಿ ಸಾಮಾನ್ಯ, ಎಚ್ ಅಗಲ. ಕೇಳಿಯೇ ಹಾಕಿ ನೋಡು. ಅಗಲ ಸಾಲದೆ ಉದ್ದದಲ್ಲಿ ಒಂದು ಸೈಜು ದೊಡ್ಡದು ಕೊಂಡರೆ ಹಿಮ್ಮಡಿ ಕಿತ್ತು ಗುಳ್ಳೆ ಏಳುತ್ತದೆ. ನಂಬರಿನ ಚಿಂತೆ ಬೇಡ, ನಮ್ಮಲ್ಲಿ ನಡೆಯುವುದೂ ಬ್ರಿಟನ್ನಿನ ನಂಬರೇ. ಅಲ್ಲಿ 8 ಅಂದರೆ ಇಲ್ಲೂ 8, ಯುರೋಪಿನಲ್ಲಿ 42ರ ಆಸುಪಾಸು. ಸಂಜೆ ಹೊತ್ತು ಹೋಗಿ ಕೊಳ್ಳು, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ.

ಆಗುಂಬೆಯ ಮಳೆ ಕಂಡ ನಮಗೆ ಇಲ್ಲಿನದು ಮಳೆ ಅನ್ನಿಸುವುದೇ ಇಲ್ಲ. ಆದರೆ ಈ ಜಿಟಿಜಿಟಿ ಬಿಡುವುದೂ ಇಲ್ಲ. ಅಟ್ಟೆ ರಬ್ಬರಿನದಿರಲಿ. ಚರ್ಮದ ಅಟ್ಟೆ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಶೂ ನೆನೆದರೆ ಹೀಟರ್ ಮೇಲೆ ಇಡಬೇಡ. ಊರಿನಲ್ಲಿ ಮಳೆಗಾಲ ಬಂತೆಂದರೆ ನಾವು ಎಲ್ಲವನ್ನೂ ಬಚ್ಚಲೊಲೆ ಹತ್ತಿರ ಒಣಗಿಸುವವರು, ಕೈ ತಾನಾಗಿ ಅತ್ತ ಹೋಗುತ್ತದೆ. ಬಿಸಿಗೆ ಚರ್ಮ ಒಣಗಿದ ಅಡಿಕೆ ಹಾಳೆಯ ಹಾಗೆ ಮುರುಟಿ ಬಿರುಕು ಬಿಡುತ್ತದೆ. ಒಳಗೆ ಪೇಪರ್ ತುರುಕಿ ಮೂಲೆಯಲ್ಲಿಡು, ಪೇಪರ್ ಬದಲಿಸುತ್ತಿರು. ಹಿಮ ಬಿದ್ದಾಗ ರಸ್ತೆಗೆ ಉಪ್ಪು ಹಾಕುತ್ತಾರೆ, ಶೂ ಮೇಲೆ ಬಿಳಿ ಕಲೆ ಕೂರುತ್ತದೆ. ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಒರೆಸಿದರೆ ಹೋಗುತ್ತದೆ. ಇಂಟರ್ವ್ಯೂ ದಿನವೇ ಹೊಸ ಶೂ ಹಾಕಬೇಡ, ಅದಕ್ಕೂ ಮೊದಲು ಮನೆಯೊಳಗೆ ಕೆಲವು ದಿನ ಹಾಕಿ ಓಡಾಡು.

ಸಾಕ್ಸ್ ಶೂ ಬಣ್ಣಕ್ಕಲ್ಲ, ಪ್ಯಾಂಟಿನ ಬಣ್ಣಕ್ಕೆ ಹೊಂದಬೇಕು. ಕಡುನೀಲಿ ಪ್ಯಾಂಟಿಗೆ ಕಡುನೀಲಿ ಸಾಕ್ಸ್. ಬಿಳಿ ಬೇಡವೇ ಬೇಡ, ಅದು ಆಟದ ಮೈದಾನಕ್ಕೆ. ಉದ್ದ ಮೀನಖಂಡ ದಾಟಿರಲಿ. ಕಾಲಮೇಲೆ ಕಾಲು ಹಾಕಿದಾಗ ಪ್ಯಾಂಟು ಮೇಲೇರಿ ಬರಿ ಕಾಲು ಕಾಣಬಾರದು. ನೈಲಾನಿಗಿಂತ ಉಣ್ಣೆ ಬೆರೆತದ್ದು ಮೇಲು, ಕಾಲು ಬೆವರಿದರೂ ನಾರುವುದಿಲ್ಲ. ಒಂದೇ ಬಣ್ಣದ್ದು ನಾಲ್ಕೈದು ಜೊತೆ ಕೊಂಡುಬಿಡು, ಜೋಡಿ ಹುಡುಕುವ ತಾಪತ್ರಯ ಇರುವುದಿಲ್ಲ. ಒಂದು ಜೊತೆ ಬ್ಯಾಗಿನಲ್ಲಿರಲಿ. ದಾರಿಯಲ್ಲಿ ಕಾಲು ನೆನೆದರೆ ಒಳಗೆ ಹೋಗುವ ಮುಂಚೆ ಬದಲಿಸಿಕೊಳ್ಳಬಹುದು.

ಶರ್ಟು ಎರಡು ಬಿಳಿ, ಒಂದು ತಿಳಿನೀಲಿ, ಹತ್ತಿಯದು, ಪೂರ್ತಿ ತೋಳಿನದು. ಕಾಲರಿನ ಗುಂಡಿ ಹಾಕಿದ ಮೇಲೆ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ ಅಂತ ಟೈಲರಿಗೆ ಹೇಳು. ಟೈ ಒಂದೇ ಬಣ್ಣದ್ದು, ತುದಿ ಬೆಲ್ಟಿನ ಬಕಲ್ ಮುಟ್ಟಬೇಕು. ಪಟ್ಟೆಯ ಟೈ ಬೇಡ. ಇಲ್ಲಿ ಕೆಲವು ಪಟ್ಟೆಗಳು ಯಾವುದೋ ಶಾಲೆಯ, ಸೈನ್ಯದ ರೆಜಿಮೆಂಟಿನ ಗುರುತು. ಬೆಲ್ಟು ಶೂ ಬಣ್ಣದ್ದೇ ಇರಲಿ.

ಸಿಗಂದೂರಿನಿಂದ ಅಜ್ಜಿ ತಂದು ಕೈಗೆ ಕಟ್ಟಿದ ದಾರ ಬಿಚ್ಚಬೇಕಾ ಅಂತ ಕೊನೆಯಲ್ಲಿ ಅಂಜುತ್ತಾ ಕೇಳಿದ್ದೀಯ. ಬಿಚ್ಚಬೇಡ. ಕಫ್ ಒಳಗೆ ಇರುತ್ತದೆ, ಕಂಡರೂ ಏನೂ ಆಗುವುದಿಲ್ಲ. ಧರ್ಮದ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡುವುದನ್ನು ಇಲ್ಲಿನ 2010ರ ಸಮಾನತೆ ಕಾಯ್ದೆ ತಡೆಯುತ್ತದೆ. ದಾರ ಬಣ್ಣ ಮಾಸಿ ಎಳೆ ಜೋತಾಡುತ್ತಿದ್ದರೆ ಹೊರಡುವ ಮುಂಚೆ ಅಜ್ಜಿಯ ಹತ್ತಿರ ಹೊಸದು ಕಟ್ಟಿಸಿಕೊಂಡು ಬಾ.

ಈ ದೊಡ್ಡ ಕಂಪನಿಗಳ ಅರ್ಜಿಗಳು ಸೆಪ್ಟೆಂಬರ್ ಹೊತ್ತಿಗೇ ತೆರೆದಿರುತ್ತವೆ. ಹಾಗಾಗಿ ಬಂದ ಮೊದಲ ತಿಂಗಳಲ್ಲೇ ಸೂಟು, ಶೂ ಮುಗಿಸಿಬಿಡು, ಕರೆ ಬಂದ ಮೇಲೆ ಓಡಾಡಬೇಡ. ಅಂಗಡಿಯಲ್ಲಿ ಕೋಟು ಹಾಕಿಕೊಂಡಾಗ ಮುಂದಿನಿಂದ ಒಂದು, ಬೆನ್ನಿನಿಂದ ಒಂದು ಫೋಟೋ ತೆಗೆಸಿ ನನಗೆ ಕಳಿಸು. ಭುಜ ನೋಡಿ ಹೇಳುತ್ತೇನೆ. ಶನಿವಾರವಾದರೆ ನಾನೇ ಜೊತೆಗೆ ಬರುತ್ತೇನೆ.