ಆಡಿಷನ್ ಅಂದರೆ ಆಡಿಸಿ ನೋಡುವುದೇ?

ಪತ್ರ: ಕಿರುಚಿತ್ರವೊಂದಕ್ಕೆ ಆಡಿಷನ್ ಇದೆ ಅಂತ ಮಗಳು ಕಾರವಾರಕ್ಕೆ ಹೋಗಿ ಬಂದಳು. ‘ಆಡಿಸಿ ನೋಡುವುದಕ್ಕೇ ಆಡಿಷನ್ ಅನ್ನುವುದು, ಅದು ನಮ್ಮದೇ ಮಾತು’ ಎಂದು ಮಾವನವರ ವಾದ. ಹೌದಾ? ನಮ್ಮೂರ ನಾಟಕಕ್ಕೂ ಹುಡುಗರನ್ನು ಆರಿಸಬೇಕಾಗಿದೆ. ನೋಟೀಸಿನಲ್ಲಿ ಏನಂತ ಬರೆಯಲಿ?
– ಓದುಗರೊಬ್ಬರು, ಅಂಕೋಲಾ

ಸಂಪಾದಕರ ಉತ್ತರ: ನಿಮ್ಮ ಮಾವನವರಿಗೆ ಹಾಗನ್ನಿಸಿದ್ದು ಸಹಜ. ಆಡು, ಆಡಿಸು, ಆಟ ಎಲ್ಲ ನಮ್ಮ ಬಾಯಲ್ಲೇ ಇರುವ ಮಾತುಗಳು. ಅದರಲ್ಲೂ ನಮ್ಮ ಜಿಲ್ಲೆಯಲ್ಲಿ ಆಟ ಅಂದರೆ ಯಕ್ಷಗಾನವೇ, ಅಲ್ವಾ? ಆದರೆ ಆಡಿಷನ್ ಈ ಕುಲದ್ದಲ್ಲ. ಅದು ಇಂಗ್ಲಿಷಿನಿಂದ ಬಂದದ್ದು, ಇಂಗ್ಲಿಷಿಗೆ ಲ್ಯಾಟಿನ್ನಿಂದ. ಲ್ಯಾಟಿನ್ನಿನಲ್ಲಿ ‘ಆಡೀರೆ’ ಅಂದರೆ ಕೇಳುವುದು. ಆಡಿಷನ್ ಅಂದರೆ ಮೊದಲಿಗೆ ಬರೀ ‘ಕೇಳುವಿಕೆ’, ಕಿವಿಯ ಶಕ್ತಿ, ಅಷ್ಟೇ. ಹಾಡುವವರನ್ನೋ ನಟರನ್ನೋ ಪರೀಕ್ಷಿಸಿ ನೋಡುವುದು ಎಂಬ ಅರ್ಥ ಕೂಡಿಕೊಂಡದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ.

ಆಡಿಯೋ, ಆಡಿಟೋರಿಯಂ ಎಲ್ಲ ಇದೇ ಬಳ್ಳಿಯವು. ಆಡಿಟ್ ಕೂಡ! ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ತಪಾಸಣೆ ಮಾಡುವವನು ಕೂತು ಕೇಳುತ್ತಿದ್ದ. ಹಾಗಾಗಿ ಶಿರಸಿಯ ಅಡಿಕೆ ಸೊಸೈಟಿಗೆ ಬರುವ ಆಡಿಟರ್, ಮಾತಿನ ಲೆಕ್ಕದಲ್ಲಿ ‘ಕೇಳುಗ’.

ಹಾಗಾದರೆ ಬರೀ ಕಿವಿಯಿಂದ ಪರೀಕ್ಷೆ ಮಾಡಿದ್ದುಂಟಾ? ಉಂಟು. ನಮ್ಮ ಆಕಾಶವಾಣಿಯೇ ಮಾಡಿದೆ. ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ 1950ರ ದಶಕದಲ್ಲಿ ಹಾಡುವವರ ಮುಖ ತೀರ್ಪುಗಾರರಿಗೆ ಕಾಣದ ಹಾಗೆ ಕೂರಿಸಿ ಕೇಳುವ ಪದ್ಧತಿ ಬಂತು. ಯಾರ ಮಗ, ಯಾವ ಘರಾಣೆ (ಗುರುಪರಂಪರೆ) ಎಂಬುದು ಬೇಡ, ಸ್ವರ ಮಾತ್ರ ಸಾಕು ಎಂಬ ಯೋಚನೆ. ದೊಡ್ಡ ದೊಡ್ಡ ಸಂಗೀತಗಾರರು ಸಿಟ್ಟಾದರು. ಆದರೂ ಆ ಯೋಚನೆ ನ್ಯಾಯದ್ದೇ ಎಂದು ನನ್ನ ನಂಬಿಕೆ. ಬಿ, ಬಿ ಹೈ, ಎ, ಟಾಪ್ ಅಂತ ಗ್ರೇಡ್ ಕೊಡುವುದು ಇಂಥ ಪರೀಕ್ಷೆಯಿಂದಲೇ. ಆಕಾಶವಾಣಿಯವರು ಇದಕ್ಕೆ ಇಟ್ಟ ಕನ್ನಡದ ಹೆಸರು ‘ಧ್ವನಿ ಪರೀಕ್ಷೆ’. ಆಡಿಷನ್ ಎಂಬ ಮಾತಿನ ಹಳೆಯ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಹೆಸರು ಸಿಗಲಿಕ್ಕಿಲ್ಲ.

ಆದರೆ ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗ. ಮೇಳಕ್ಕೆ ಸೇರಿದ ಹುಡುಗನನ್ನು ಕೋಣೆಯಲ್ಲಿ ನಿಲ್ಲಿಸಿ ಪರೀಕ್ಷಿಸುವ ಕ್ರಮ ನಮ್ಮಲ್ಲಿ ಇರಲಿಲ್ಲ. ಮೊದಲು ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ ವೇಷ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗಲೇ, ಕಥೆ ಶುರುವಾಗುವ ಮುಂಚಿನ ಪೂರ್ವರಂಗದಲ್ಲಿ, ಅವನು ಕುಣಿದು ಬರಬೇಕು. ಸಣ್ಣವನಿದ್ದಾಗ ಹೊನ್ನಾವರದ ಕಡೆಯ ಒಂದು ಚೌಕಿಯಲ್ಲಿ ಕೂತು ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಹಿರಿಯ ವೇಷಧಾರಿಯೊಬ್ಬರು ಎಡಗೈಯಲ್ಲಿ ಕನ್ನಡಿ ಹಿಡಿದು ಹುಬ್ಬು ತೀಡುತ್ತಿದ್ದರು. ರಂಗಸ್ಥಳ ಅವರಿಗೆ ಕಾಣುತ್ತಿರಲಿಲ್ಲ, ಪರದೆಯ ಆಚೆಗಿತ್ತು. ಹುಡುಗನ ಗೆಜ್ಜೆ ಮದ್ದಳೆಗಿಂತ ಒಂದು ಚೂರು ಹಿಂದೆ ಬಿತ್ತು. ಅವರ ಕಡ್ಡಿ ಹುಬ್ಬಿನ ಮೇಲೆ ನಿಂತಿತು. ಮುಂದಿನ ಸುತ್ತಿನಲ್ಲಿ ಹೆಜ್ಜೆ ತಾಳಕ್ಕೆ ಕೂಡಿತು. ಕಡ್ಡಿ ಮತ್ತೆ ಸರಿಯಿತು. ಅಷ್ಟೇ. ಆ ಹುಡುಗನನ್ನು ಅವರು ತಿರುಗಿಯೂ ನೋಡಿರಲಿಲ್ಲ, ಆದರೆ ಪೂರ್ತಿ ಕೇಳಿದ್ದರು. ಲ್ಯಾಟಿನ್ನಿನ ಆ ‘ಕೇಳುವಿಕೆ’ಯನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ. ಈಗ ಕಾಲಮಿತಿಯ ಆಟಗಳು ಜಾಸ್ತಿಯಾಗಿ ಪೂರ್ವರಂಗ ಮೊಟಕಾಗಿದೆ. ಹೊಸ ಹುಡುಗರಿಗೆ ಆ ಹೊತ್ತು ಸಿಗುತ್ತಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನು ನಿಮ್ಮ ನೋಟೀಸು. ನಾಟಕಕ್ಕೆ ‘ಧ್ವನಿ ಪರೀಕ್ಷೆ’ ಸಾಲದು, ನಡೆ, ನಿಲುವು, ಮುಖಭಾವ ಎಲ್ಲ ನೋಡಬೇಕಲ್ಲ. ಸುಮ್ನೆ ‘ನಟರ ಆಯ್ಕೆ’ ಅಂತ ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ. ಹುಡುಗರಿಗೆ ಆಡಿಷನ್ ಎಂಬ ಮಾತೇ ಇಷ್ಟವಾದರೆ ಅದೂ ಇರಲಿ. ದೀರ್ಘ ‘ಆ’ ಮಾತ್ರ ಮರೆಯಬೇಡಿ. ‘ಅಡಿಷನ್’ ಅಂತ ಬರೆದರೆ ಕೂಡಿಸುವ ಲೆಕ್ಕವಾಗುತ್ತದೆ. ಮತ್ತೆ, ಆರಿಸುವ ದಿನ ಒಬ್ಬೊಬ್ಬ ಹುಡುಗನ ಮಾತನ್ನೂ ಒಂದು ಸಲ ಕಣ್ಣು ಮುಚ್ಚಿಕೊಂಡು ಕೇಳಿ. ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೆ ಯಾರ ಮಾತು ಮುಟ್ಟುತ್ತದೆ ಅಂತ ಆಗ ಗೊತ್ತಾಗುತ್ತದೆ.